ನಾಲ್ಕು ನಿಂಬೆಹಣ್ಣಿನ ಸ್ಕೂಟರ್

ಸ್ಕೂಟರ್ ಪೂಜೆಗೆ ಎಷ್ಟು ನಿಂಬೆಹಣ್ಣು ಬೇಕು? ಎರಡು ಅಂತೀರಾ? ನನ್ನದಕ್ಕೆ ನಾಲ್ಕು!

ಹಿಂದಿನ ಚಕ್ರದ ಆಚೆಗೊಂದು ಈಚೆಗೊಂದು ಚಿಕ್ಕ ಚಕ್ರ ಕೂರಿಸಿದ ಸ್ಕೂಟರ್ ಅದು. ನನ್ನ ಎಡಗಾಲಿಗೆ ಚಿಕ್ಕಂದಿನಿಂದಲೂ ಬಲವಿಲ್ಲ. ಆ ಕಾಲೂರಿ ಗಾಡಿ ನಿಲ್ಲಿಸಲು ಹೋದರೆ ಗಾಡಿಯೂ ನಾನೂ ಒಟ್ಟಿಗೇ ನೆಲಕ್ಕೆ. ಹಾಗಾಗಿ ಮದುವೆಯಾದಾಗಿನಿಂದ ನಮ್ಮ ಮನೆಯವರ ಹಿಂದಿನ ಸೀಟೇ ಗತಿ. ಅವರಿಗೆ ಪುರುಸೊತ್ತಿದ್ದರೆ ಮಾತ್ರ ನನಗೆ ಮಾರ್ಕೆಟ್ಟು. ಹತ್ತಿದ ಕೂಡಲೇ ಅವರದು ಒಂದೇ ಮಂತ್ರ: "ಗಟ್ಟಿ ಹಿಡ್ಕೋ."

ಸಾಕಾಗಿತ್ತು! ಒಮ್ಮೆಯಾದರೂ ಮಾರ್ಕೆಟ್ ಯಾರ್ಡಿಗೆ ಒಬ್ಬಳೇ ಹೋಗಿ, ಮನಸೋ ಇಚ್ಛೆ ಚೌಕಾಶಿ ಮಾಡಿ ಬರಬೇಕೆಂದು ಹಟ ಹಿಡಿದೆ. (ಲೈಸೆನ್ಸ್ ಇದೆ, ಹೆದರಬೇಡಿ.)

ಗಾಡಿ ಬಂದೇ ಬಂತು; ಮೊನ್ನೆ ಭಾನುವಾರ ಕೊಂಢವಾ ಬಡಾವಣೆಯ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಅದರ ಪೂಜೆ. ನಾವೆಲ್ಲ 'ಕಾಕು' ಎಂದು ಕರೆಯುವ ಮೇಲಿನ ಮನೆಯ ಹೆಂಗಸು ಇಳಿದು ಬಂದು, "ಚಿಕ್ಕ ಮಕ್ಕಳ ಸೈಕಲ್ ತಂದಿರಾ?" ಎಂದು ಮರಾಠಿಯಲ್ಲಿ ಕೇಳಿ ನಕ್ಕರು. ಮೈಯೆಲ್ಲ ಉರಿಯಿತು.

ಶಾಸ್ತ್ರದಲ್ಲಿ ನಮ್ಮ ಮನೆಯವರು ಪಕ್ಕಾ. ಚಕ್ರದ ಬುಡಕ್ಕೊಂದರಂತೆ ನಿಂಬೆಹಣ್ಣು ಇಟ್ಟರು. ನಾನು ಹತ್ತಿ ಎಕ್ಸಿಲರೇಟರ್ ತಿರುವಿದೆ. ಗಾಡಿ ಗುರ್ ಅಂತು, ತುಸು ಸರಿದು ನಿಂತುಬಿಟ್ಟಿತು! ಪಕ್ಕದ ಚಕ್ರಗಳೆರಡೂ ಹಣ್ಣಿನ ಮೇಲೆ ಹತ್ತಿ ನಿಂತಿದ್ದವು. ನಡುವಿನ ಚಕ್ರ ತನ್ನ ಹಣ್ಣನ್ನು ಅರೆದು ಮುಗಿಸಿ ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿತ್ತು.

"ಶುರೂನ ಹಿಂಗಾತಲ್ಲ. ಒಬ್ಬಾಕಿನ ಹೋಗೂದು ಬ್ಯಾಡ ಬಿಡು," ಎಂದರು ಮನೆಯವರು.

"ಅಪಶಕುನ ಅಲ್ರಿ, ನಿಂಬಿಹಣ್ಣು ಹೆಚ್ಚಾಗ್ಯಾವ. ಬಗಲಿನವು ತಗೀರಿ!"

ತೆಗೆದರು. ಗಾಡಿ ಹೊರಟೇಬಿಟ್ಟಿತು.

ಗೇಟಿನಾಚೆ ಕಟ್ಟಡದ ಕೆಲಸಕ್ಕೆ ಬಂದ ಕ್ರೇನ್ ನಾಲ್ಕೂ ಕಾಲು ಅಗಲಕ್ಕೆ ಚಾಚಿ ನಿಂತಿತ್ತು. ಚಾಚದೆ ಭಾರ ಎತ್ತಿದರೆ ಅದೂ ಮಗುಚುತ್ತದೆ. ಕೊಂಕಣದ ಕಡಲಿನಲ್ಲಿ ಮೀನುಗಾರರು ಕಿರಿದಾದ ದೋಣಿಯ ಪಕ್ಕಕ್ಕೆ ತೇಲುವ ಮರ ಕಟ್ಟಿಕೊಂಡೇ ಅಲೆಗೆ ಇಳಿಯುವುದನ್ನು ನೋಡಿದ್ದೇನೆ. ಅವರನ್ನು ಯಾರಾದರೂ ಚಿಕ್ಕ ಮಕ್ಕಳು ಅಂತಾರಾ? ಮತ್ತೆ ನನ್ನನ್ನು ಕಂಡರೆ ಮಾತ್ರ ಯಾಕೆ ನಗು?

ಸಿಗ್ನಲ್ ಬಿತ್ತು. ಸುತ್ತಲಿನ ಗಾಡಿಯವರೆಲ್ಲ ಕಾಲೂರಿದರು. ನಾನೊಬ್ಬಳೇ ಎರಡೂ ಕಾಲು ಮೇಲಿಟ್ಟುಕೊಂಡು ಮಹಾರಾಣಿ ಥರ ಕೂತಿದ್ದೆ! ಆ ಖುಷಿ ಏನು ಹೇಳಲಿ? ಹೆಲ್ಮೆಟ್ಟಿನೊಳಗೇ ಕಣ್ಣು ತುಂಬಿ ಬಂತು.

ಮಾರ್ಕೆಟ್ ಯಾರ್ಡಿನಲ್ಲಿ ಬದನೆಕಾಯಿಯನ್ನು ಒಂದೊಂದೇ ತಿರುಗಿಸಿ ನೋಡಿ ಆರಿಸಿದೆ. "ಮುಗೀತೇನು?" ಅನ್ನುವವರು ಯಾರೂ ಇರಲಿಲ್ಲ. ಚೀಲ ತುಂಬಿಸಿಕೊಂಡು ಬಂದಾಗ ಮನೆಯವರು ಗೇಟಿನಲ್ಲೇ ಕಾಯುತ್ತಿದ್ದರು. ನನ್ನನ್ನು ನೋಡಿದರು, ಗಾಡಿ ನೋಡಿದರು, ಚೀಲ ಇಸಿದುಕೊಂಡು ಒಳಗೆ ನಡೆದರು.

ಸಂಜೆ ಮೆಲ್ಲಗೆ ಬಂದರು. "ನನ್ನ ಗಾಡಿ ಪಂಕ್ಚರ್ ಆಗ್ಯಾದ. ಸ್ವಲ್ಪ ಸ್ವಾರ್‌ಗೇಟ್ ಬಸ್ ಸ್ಟ್ಯಾಂಡ್ ತನಕ ಬಿಡ್ತೀಯೇನು?"

"ಕೂಡ್ರಿ," ಎಂದೆ. "ಗಟ್ಟಿ ಹಿಡ್ಕೋರಿ!"