ಅರ್ಧಕ್ಕೆ ನಿಂತ ಗುಳಿ

ಬಾಗಲಗುಂಟೆಯ ವನಜಮ್ಮನ ಬಲಗೈಯ ಉಂಗುರದ ಬೆರಳು ಈಗ ಅರ್ಧವೇ ಇದೆ. ಉಳಿದರ್ಧವನ್ನು ಪೀಣ್ಯದ ಕಾರ್ಖಾನೆಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸೊಂದು ಹದಿನೆಂಟು ವರ್ಷದ ಹಿಂದೆ ನುಂಗಿಹಾಕಿತು. ಆಮೇಲೆ ಆಕೆ ಸೇರಿದ್ದು ಅಂಗಡಿಗಳಲ್ಲಿ ಬಾರ್‌ಕೋಡ್ ಓದುವ ಸ್ಕ್ಯಾನರ್ ತಯಾರಿಸುವ ಕಂಪನಿಗೆ. ಅಲ್ಲಿನ ಡಿಸೈನರ್ ದೀಪಶ್ರೀ ಹೊಸ ಸ್ಕ್ಯಾನರಿನ ಹಿಡಿಗೆಂದು ಒಂದು ಮುದ್ದೆ ಜೇಡಿಮಣ್ಣನ್ನು ಆಕೆಯ ಬಲಗೈಗೆ ಕೊಟ್ಟು, "ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕ" ಅಂದಿದ್ದಳು. ಆ ಅಚ್ಚಿನಂತೆಯೇ ಹಿಡಿ ತಯಾರಾಯಿತು. ಉಳಿದ ಬೆರಳುಗಳಿಗೆ ಉದ್ದ ಗುಳಿ, ಉಂಗುರದ ಬೆರಳಿಗೆ ಮಾತ್ರ ಅರ್ಧ. ಕೊಂಡವರು ಅದನ್ನೂ ಹೊಸ ಫ್ಯಾಷನ್ ಅಂದುಕೊಂಡರು.

ಮೊನ್ನೆ ಎದುರಾಳಿ ಕಂಪನಿಯ ಸಾಹೇಬರೊಬ್ಬರು ತಮ್ಮ ಸ್ಕ್ಯಾನರ್ ಹಿಡಿದು ಬಂದು, "ನಮ್ ಡಿಸೈನ್ ಕದ್ದಿದ್ದೀರಿ" ಎಂದು ಕೂಗಾಡಿದರು. ಮ್ಯಾನೇಜರ್ ವನಜಮ್ಮನನ್ನು ಕರೆಸಿ, ಅದನ್ನು ಕೈಗೆ ಕೊಟ್ಟು, ನಮ್ಮದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ ಎಂದರು.

ಹಿಡಿದದ್ದೇ ತಡ, ಆಕೆಯ ಮೊಂಡು ಬೆರಳು ಅರ್ಧ ಗುಳಿಯಲ್ಲಿ ಹೋಗಿ ಕೂತಿತ್ತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಗುರುತು ಪರಿಚಯವಿಲ್ಲದವರ ಮನೆಯ ಗೋಡೆಯ ಮೇಲೆ ತನ್ನದೇ ಫೋಟೊ ಕಂಡಂತಾಯಿತು.

"ಇದನ್ನ ಯಾರ ಕೈ ನೋಡಿ ಮಾಡಿದ್ರಿ ಸಾರ್?" ಆಕೆ ಕೇಳಿದಳು.

"ಒಬ್ಬರದಲ್ಲಮ್ಮ," ಎಂದರು ಸಾಹೇಬರು, "ಹತ್ತು ಸಾವಿರ ಜನರ ಕೈ ಅಳತೆ ತಗೊಂಡಿದೀವಿ."

ವನಜಮ್ಮ ಸ್ಕ್ಯಾನರನ್ನು ಟೇಬಲ್ ಮೇಲೆ ಕುಕ್ಕಿ, ಬಲಗೈಯನ್ನು ಅವರ ಮುಖದೆದುರು ಅಗಲಿಸಿ ಹಿಡಿದಳು.

"ಅಷ್ಟೂ ಜನ ಪ್ರೆಸ್ಸಿಗೆ ಬೆರಳು ಕೊಟ್ಟೋರೇನಾ ಸಾರ್?"