ಗಾಳಿಯಲ್ಲಿ ನಿಂತ ವಿಮಾನದ ಸದ್ದು

ಬ್ಲೇಡು ಹಳೆಯದಿರಬಹುದಿತ್ತು. ಹೊಸದಾಗಿದ್ದರೂ ದಾಡಿ ಮಾಡುವವನ ಕೈ ನಡುಗಬಹುದಿತ್ತು. ಹಿಂದಕ್ಕೆ ವಾಲಿಸಿದ ಕುರ್ಚಿ ವಾಲುತ್ತಲೇ ಹೋಗಿ ನನ್ನನ್ನು ನೆಲಕ್ಕೆ ಕೆಡವಬಹುದಿತ್ತು. ನೆತ್ತಿಯ ಮೇಲೆ ಗಡಗಡ ಅನ್ನುತ್ತಿದ್ದ ಫ್ಯಾನು ಕಳಚಿ ಬೀಳಬಹುದಿತ್ತು. ಅರ್ಧ ದಾಡಿಯಾದ ಮೇಲೆ ಅವನಿಗೆ ಊರಿಂದ ಕೆಟ್ಟ ಸುದ್ದಿಯ ಫೋನು ಬಂದು, ಉಳಿದರ್ಧ ನೊರೆ ಹೊತ್ತು ನಾನು ಆಫೀಸಿಗೆ ಹೋಗಬೇಕಾಗಬಹುದಿತ್ತು. ಗೋವಾದ ವಾಸ್ಕೋ ಮಾರ್ಕೆಟ್ಟಿನ ಆ ಹೊಸ ಕಟಿಂಗ್ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೂತು ನಾನು ಇಷ್ಟನ್ನೂ ಒಂದೊಂದಾಗಿ ಅನುಭವಿಸಿ ಮುಗಿಸಿದೆ. ಆದದ್ದು ಇಷ್ಟೇ: ಗದ್ದದ ಕೆಳಗೆ ಸಾಸಿವೆ ಕಾಳಿನಷ್ಟು ರಕ್ತ.

ಅವನು ಅದರ ಮೇಲೆ ಒದ್ದೆ ಪಟಿಕದ ಕಲ್ಲು ಉಜ್ಜಿದ. ಆ ತಣ್ಣನೆಯ ಉರಿ, ಇದೆಯೋ ಇಲ್ಲವೋ ಅನ್ನುವಂಥ ಆ ವಾಸನೆ… ಕಾಕಾ ನೆನಪಾದರು.

ಕಾಕಾನ ಕಟಿಂಗ್ ಅಂಗಡಿ, ನೌಕಾಪಡೆಯ ವಿಮಾನಗಳೂ ಇಳಿಯುವ ದಾಬೋಳಿ ನಿಲ್ದಾಣಕ್ಕೆ ಹೋಗುವ ರಸ್ತೆಯ ಮೇಲಿತ್ತು. ಒಂದೇ ಕುರ್ಚಿ, ಒಂದೇ ಕನ್ನಡಿ, ಮೇಲೆ ತಗಡು. ಅವರು ವಿಜಯಪುರದ ಕಡೆಯವರು, ನಾನು ಗದಗಿನವನು. ಬಂದರಿನ ಕಂಪನಿಯೊಂದರಲ್ಲಿ ಗುಮಾಸ್ತನಾಗಿ ಬಂದ ಹೊಸದರಲ್ಲಿ, ಕನ್ನಡ ಮಾತಾಡುವ ಕೈಗೆ ಕುತ್ತಿಗೆ ಕೊಡುವುದು ಸ್ವಲ್ಪ ಕಡಿಮೆ ಅಪಾಯ ಅನ್ನಿಸಿ ಅಲ್ಲಿಗೆ ಹೋಗತೊಡಗಿದೆ. ಬೇರೆ ಅಂಗಡಿಗಳಲ್ಲಿ ಸಿನಿಮಾದವರ ತಲೆಗಳಿರುವ ಗೋಡೆಯ ತುಂಬ ಅಲ್ಲಿ ಯುದ್ಧವಿಮಾನಗಳಿದ್ದವು. ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದವು. ಹಡಗಿನ ಮೇಲೆ ಜಾಗ ಸಾಲದೆ ರೆಕ್ಕೆ ಮಡಚಿಕೊಂಡು ನಿಂತ ಹಳೆಯ ಅಲಿಜೆ, ಅದಕ್ಕೂ ಹಳೆಯ ಸೀ ಹಾಕ್, ಎಲ್ಲಕ್ಕಿಂತ ಮೇಲೆ, ದೇವರ ಪಟದ ಪಕ್ಕ, ಹ್ಯಾರಿಯರ್. ಯಾವ ಕಟಿಂಗ್ ಮಾಡಿಸಲಿ ಅಂತ ಗೋಡೆ ನೋಡಿದ ಹೊಸ ಗಿರಾಕಿ ಕಂಗಾಲಾಗುತ್ತಿದ್ದ.

ಗೋವಾಕ್ಕೆ ಬಂದ ಮೊದಲ ದಿನ ತಲೆಯ ಮೇಲೆ ಫೈಟರ್ ಹಾದಾಗ ಕಾಕಾ ನಡುರಸ್ತೆಯಲ್ಲಿ ಬೋರಲು ಮಲಗಿಬಿಟ್ಟಿದ್ದರಂತೆ. ಜನ ನಕ್ಕರು. ಮಣ್ಣು ಕೊಡವಿಕೊಂಡು ಎದ್ದವರು ಆಮೇಲೆ ಮೇಲೆ ನೋಡುವುದನ್ನು ಬಿಡಲೇ ಇಲ್ಲ. ಹೆಸರುಗಳು ಮಾತ್ರ ಸದಾ ತಪ್ಪು. ದಾಡಿಗೆ ಬರುತ್ತಿದ್ದ ನೌಕಾಪಡೆಯ ಹುಡುಗರು ತಿದ್ದಲು ಹೋದರೆ, ನೀವು ಒಳಗೆ ಕೂತಿರುವವರು, ನಿಮಗೇನು ಕಾಣುತ್ತದೆ ಎಂದು ಅವರ ಬಾಯಿಗೇ ನೊರೆ ಬಳಿಯುತ್ತಿದ್ದರು. ಬೋಗಮಾಳ ರಸ್ತೆಯಲ್ಲಿ ಹಳೆಯ ವಿಮಾನಗಳ ಸಂಗ್ರಹಾಲಯವಿದೆ. ಅದಕ್ಕೂ ಸೋಮವಾರ ರಜೆ, ಕಾಕಾನ ಅಂಗಡಿಗೂ ಸೋಮವಾರ ರಜೆ. ಹಾಗಾಗಿ ಸೋಮವಾರಗಳಂದು ಅವರು ಅದರ ಕಂಪೌಂಡಿನ ಆಚೆ ನಿಂತು, ಗೋಡೆಯ ಮೇಲಿಂದ ಕಾಣುವಷ್ಟು ಬಾಲ, ಕಾಣುವಷ್ಟು ರೆಕ್ಕೆ ನೋಡಿ ಬರುತ್ತಿದ್ದರು.

ಅಂಗಡಿಯಲ್ಲಿ ಅವರದೊಂದು ಪದ್ಧತಿಯಿತ್ತು. ಫೈಟರ್ ಏಳುವ ಮುನ್ನ ದೂರದಲ್ಲಿ ಎಲ್ಲೋ ಸದ್ದು ಹುಟ್ಟುತ್ತದಲ್ಲ, ನಮಗೆ ಯಾರಿಗೂ ಕೇಳದಾಗಲೇ ಕಾಕಾನ ಕತ್ತಿ ಗಿರಾಕಿಯ ಗಂಟಲಿನಿಂದ ಮೇಲೇಳುತ್ತಿತ್ತು. ಬಾಗಿಲಿಗೆ ಹೋಗಿ ಮುಖ ಎತ್ತಿ ನಿಲ್ಲುತ್ತಿದ್ದರು. ತಗಡು, ಕನ್ನಡಿ, ಕಪ್ಪಿನಲ್ಲಿದ್ದ ಬ್ರಶ್ಶು ಎಲ್ಲ ನಡುಗಿ ಸುಮ್ಮನಾದ ಮೇಲೆ ವಾಪಸು ಬಂದು, ಬಿಟ್ಟಲ್ಲಿಂದ ದಾಡಿ ಮುಂದುವರಿಯುತ್ತಿತ್ತು.

ಒಂದು ದಿನ ಕತ್ತಿ ಏಳಲಿಲ್ಲ. ಸದ್ದು ಬಂತು, ಕನ್ನಡಿ ಅದುರಿತು, ಕನ್ನಡಿಯೊಳಗಿನ ನಾನೂ ಅದುರಿದೆ. ಕಾಕಾ ನನ್ನ ಗಂಟಲಿನ ಮೇಲೆ ಶಾಂತವಾಗಿ ಕತ್ತಿ ಆಡಿಸುತ್ತಿದ್ದರು. ಜಗತ್ತಿನ ಎಲ್ಲ ಅಪಾಯಗಳನ್ನೂ ಮುಂಚಿತವಾಗಿ ಎಣಿಸಿಡುವ ನಾನು ಇದೊಂದನ್ನು ಎಣಿಸಿರಲಿಲ್ಲ. ಬೆವೆತುಹೋದ ನನ್ನನ್ನು ನೋಡಿ ಅವರು ತಿರುಗಿದರು. ಕನ್ನಡಿ ಇನ್ನೂ ನಡುಗುತ್ತಿತ್ತು. ಅದನ್ನು ನೋಡಿ ಅವರಿಗೆ ಅರ್ಥವಾಯಿತು. ಹೋಗಿ ಬಾಗಿಲ ಪರದೆ ಎಳೆದರು.

ಕೆಲವು ತಿಂಗಳಿಂದ ಕಿವಿ ಮಂದವಾಗುತ್ತಿತ್ತಂತೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡಿದ್ದರು, ಮಡಗಾಂವಿನ ಡಾಕ್ಟರರಿಗೆ ತೋರಿಸಿದ್ದರು, ಊರ ದೇವರಿಗೆ ಹರಕೆ ಹೊತ್ತಿದ್ದರು. ಗಿರಾಕಿಗಳು ಬಿಟ್ಟುಹೋಗುತ್ತಾರೆಂಬ ಭಯ ಇರಬೇಕು ಎಂದುಕೊಂಡು, ಯಾರಿಗೂ ಹೇಳುವುದಿಲ್ಲ ಅಂದೆ. ಕಾಕಾನ ಭಯ ಬೇರೆಯೇ ಇತ್ತು. ಕುಂಕಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗಳು, ಅಳಿಯ ಆಗಲೇ ಅಂಗಡಿ ಮುಚ್ಚಿ ಬನ್ನಿ ಅಂತ ದುಂಬಾಲು ಬಿದ್ದಿದ್ದರು. ಕಿವಿಯ ವಿಷಯ ಗೊತ್ತಾದರೆ ಮರುದಿನವೇ ಕರೆದೊಯ್ಯುತ್ತಿದ್ದರು.

“ಅಲ್ಲಿ ಒಂದ್ ವಿಮಾನ ಬರಂಗಿಲ್ರಿ ಸಾಹೇಬ್ರ,” ಅಂದರು. “ಗಿರಾಕಿ ಹೋದ್ರ ಹೋಗ್ಲಿ. ಈ ಆವಾಜ ಹೋತಂದ್ರ ನನ್ನ ಕಡೆ ಏನ ಉಳೀತ್ರಿ?”

ಹೀಗೆ ನಾನು ಅವರ ಕಿವಿಯಾದೆ. ಬಿಡುವಿದ್ದಾಗೆಲ್ಲ ಹೋಗಿ ಬೆಂಚಿನ ಮೇಲೆ ಕೂರುವುದು, ಸದ್ದು ಹುಟ್ಟಿದ ಕೂಡಲೇ ಬೆರಳು ಎತ್ತುವುದು. ಈ ಕೆಲಸಕ್ಕೆ ನನ್ನಷ್ಟು ಅಯೋಗ್ಯ ಇನ್ನೊಬ್ಬ ಸಿಗುತ್ತಿರಲಿಲ್ಲ. ತಪ್ಪಿಹೋದರೆ ಅನ್ನುವ ಆತಂಕಕ್ಕೆ ನಾನು ಲಾರಿಗೂ ಬೆರಳೆತ್ತಿದೆ, ಗುಡುಗಿಗೂ ಎತ್ತಿದೆ. ಒಮ್ಮೆ ಕಾಕಾ ಅರ್ಧ ದಾಡಿ ಬಿಟ್ಟು ಓಡಿ ಹೋಗಿ ಬಾಗಿಲಲ್ಲಿ ನಿಂತರು. ಎದುರಿಗೆ ನೀರಿನ ಟ್ಯಾಂಕರು ಹೋಯಿತು. “ಇವತ್ತ ಭಾಳ ಕೆಳಗ ಹಾರಾಕತ್ತೈತ್ರಿ,” ಅಂದು ಒಳಗೆ ಬಂದರು. ಕುರ್ಚಿಯಲ್ಲಿದ್ದ ಗಿರಾಕಿಗೆ ಏನೂ ತಿಳಿಯಲಿಲ್ಲ.

ದಿನ ಕಳೆದಂತೆ ನಗುವುದು ಕಡಿಮೆಯಾಯಿತು. ಕಿವಿಗೆ ಹಾಕಿಕೊಳ್ಳುವ ಮಷಿನ್ನು ತಂದರು. ಅದರಲ್ಲಿ ಎಲ್ಲ ಸದ್ದೂ ತಟ್ಟೆ ಕೆರೆದಂತೆ ಕೇಳುತ್ತದೆಂದು ಡ್ರಾವರಿಗೆ ಎಸೆದರು. ಆಮೇಲೆ ಮಾತೂ ಕೇಳಿಸದಾಯಿತು. ಎದುರಿನವರ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಫೈಟರ್ ಹೋದ ಮೇಲೆ ಬಾಗಿಲಿನಿಂದ ಮರಳುವಾಗ ಅವರ ಮುಖ ನೋಡಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಆ ವರ್ಷವೇ ಹ್ಯಾರಿಯರ್‌ಗಳನ್ನು ಸೇವೆಯಿಂದ ತೆಗೆಯುತ್ತಾರೆಂದು ನೌಕಾಪಡೆಯ ಹುಡುಗನೊಬ್ಬ ಹೇಳಿದ. ಹ್ಯಾರಿಯರ್ ಅಂದರೆ ಬೇರೆಯವುಗಳ ಹಾಗಲ್ಲ, ಹಾರುತ್ತ ಬಂದು, ಸ್ಟಾಪಿನಲ್ಲಿ ಬಸ್ಸು ನಿಂತಂತೆ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ನಿಂತಾಗಲೇ ಅದರ ಸದ್ದು ಎಲ್ಲಕ್ಕಿಂತ ಹೆಚ್ಚು. ಕಾಕಾ ನನ್ನ ಕೈ ಹಿಡಿದುಕೊಂಡರು. “ಅದು ಸತ್ತವರನ್ನೂ ಎಬ್ಬಸೂ ಆವಾಜ್ರಿ. ಅದು ನನಗ ಕೇಳ್ತೈತಿ. ಒಂದ್ ಸಲ ಕರ್ಕೊಂಡ ಹೋಗ್ರಿ.”

ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ರನ್‌ವೇ ಕಾಣುವ ಏರಿನ ಮೇಲೆ, ಇಲ್ಲಿನವರು ಗಾಡಾ ಅನ್ನುವ, ಮುಚ್ಚಿದ್ದ ತಗಡಿನ ಗೂಡಂಗಡಿಯೊಂದರ ಪಕ್ಕ ನಿಂತೆವು. ಬಿಸಿಲು ಏರುತ್ತಿತ್ತು. ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಮೊದಲು ಚುಕ್ಕಿಯಂತೆ, ಆಮೇಲೆ ಹಕ್ಕಿಯಂತೆ ಬಂದ ವಿಮಾನ ನಿಧಾನವಾಗುತ್ತ, ನಿಧಾನವಾಗುತ್ತ, ನಿಂತೇ ಬಿಟ್ಟಿತು. ಪಕ್ಕದಲ್ಲಿದ್ದ ಹೆಂಗಸು ಮಗುವಿನ ಕಿವಿ ಮುಚ್ಚಿದಳು. ಮರದಲ್ಲಿದ್ದ ಕಾಗೆಗಳೆಲ್ಲ ಎದ್ದವು.

ಕಾಕಾ ನನ್ನ ಕಡೆ ತಿರುಗಿದರು.

“ಇಂಜಿನ್ ಬಂದ್ ಮಾಡ್ಯಾರೇನ್ರಿ?”

ಹೌದು ಅನ್ನಲೇ, ಇಲ್ಲ ಅನ್ನಲೇ… ನಾನು ತೀರ್ಮಾನಿಸುವ ಮೊದಲೇ, ಆಯ ತಪ್ಪಿದಂತಾಗಿ ಅವರು ಗಾಡಾದ ತಗಡಿಗೆ ಅಂಗೈ ಊರಿದರು. ತಗಡು ಗುಂಯ್ ಅಂತ ನಡುಗುತ್ತಿತ್ತು. ಕೈ ತೆಗೆಯಲಿಲ್ಲ. ವಿಮಾನ ನೆಲಕ್ಕಿಳಿದು, ತಗಡು ಸುಮ್ಮನಾಗುವವರೆಗೂ ಹಾಗೇ ನಿಂತಿದ್ದರು. ಆಕಾಶ ನೋಡಲಿಲ್ಲ, ತಗಡನ್ನೇ ನೋಡುತ್ತಿದ್ದರು.

ಮರಳುವ ದಾರಿಯಲ್ಲಿ ಬೆನ್ನು ತಟ್ಟಿ ಸ್ಕೂಟರು ನಿಲ್ಲಿಸಲು ಹೇಳಿದರು. ಇಳಿದು ನನ್ನ ಎದುರಿಗೆ ಬಂದರು, ತುಟಿ ಕಾಣಬೇಕಲ್ಲ.

“ಹೆಂಗಿತ್ತ್ರಿ ಆವಾಜ?”

“ಭಾರಿ ಇತ್ತ್ರಿ ಕಾಕಾ.”

“ಭಾರಿ ಅಂದ್ರ?”

ನನ್ನ ಬಾಯಿಯ ಮೇಲೆ ಕಣ್ಣು ನೆಟ್ಟು ಕಾದರು. ಕಿವಿ ಎರಡೂ ಸರಿಯಿದ್ದ ನಾನು ಹುಡುಕಾಡಿದೆ. ವಿಮಾನ ನಿಂತಿದ್ದಷ್ಟು ಹೊತ್ತೂ ನಾನು ಏನು ಮಾಡುತ್ತಿದ್ದೆ? ಅದು ನಮ್ಮ ಮೇಲೆ ಬಿದ್ದರೆ ಯಾವ ಕಡೆ ಓಡುವುದು ಅಂತ ನೋಡುತ್ತಿದ್ದೆ. ಇಲ್ಲಿ ಯಾಕೆ ನಿಂತಿದ್ದೀರಿ ಅಂತ ಪೊಲೀಸರು ಕೇಳಿದರೆ ಏನು ಹೇಳುವುದು, ಸ್ಕೂಟರಿನ ಸ್ಟ್ಯಾಂಡು ಗಟ್ಟಿಯಿದೆಯೋ ಇಲ್ಲವೋ… ಸದ್ದು ನನ್ನ ಮೂಲಕ ಹಾದುಹೋಗಿತ್ತು, ಒಳಗೆ ಏನೂ ಉಳಿದಿರಲಿಲ್ಲ. ಸಿಂಹದ ಹಾಗೆ ಅಂದೆ. ಸಿಂಹದ ಸದ್ದು ನಾನು ಜನ್ಮದಲ್ಲಿ ಕೇಳಿದವನಲ್ಲ. ಕಾಕಾ ಸುಳ್ಳು ಹಿಡಿದರು, ಬೈಯಲಿಲ್ಲ.

“ಇರ್ಲಿ ಬಿಡ್ರಿ. ನೆನಪಾದಾಗ ಹೇಳ್ರಿ.”

ತಿಂಗಳೊಳಗೆ ಅವರೇ ಅಂಗಡಿ ಮುಚ್ಚಿದರು. ಮಗಳಿಗೆ ತಾವೇ ಹೇಳಿ ಕಳಿಸಿ ಕುಂಕಳ್ಳಿಗೆ ಹೋದರು. ವಿಮಾನ ಬರದ ಊರೇ ಈಗ ಚಲೋ ಅಂದರಂತೆ. ನಾನು ಹೋದಾಗೆಲ್ಲ ಹೊಸಿಲಿಗೆ ಬಂದು, ಮೊದಲು ನನ್ನ ತುಟಿ ನೋಡುತ್ತಿದ್ದರು. ನಾನು ಆರೋಗ್ಯ ಕೇಳುತ್ತಿದ್ದೆ. ಅವರು ತಲೆಯಾಡಿಸಿ ಒಳಗೆ ಕರೆದು ಚಹಾ ಕೊಡಿಸುತ್ತಿದ್ದರು. ಆಮೇಲೆ ನಾನು ಹೋಗುವುದನ್ನೇ ಕಡಿಮೆ ಮಾಡಿದೆ. ಒಂದು ಮಳೆಗಾಲದಲ್ಲಿ ಅಳಿಯನ ಫೋನು ಬಂತು, ಕಾಕಾ ಹೋಗಿಬಿಟ್ಟರು ಅಂತ.

ಈಗ ಕಾಕಾನ ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಹ್ಯಾರಿಯರ್ ಇಲ್ಲಿ ಹಾರುವುದಿಲ್ಲ. ವಿಡಿಯೊ ಹುಡುಕಿ ನೋಡಿದ್ದೇನೆ, ಫೋನಿನಲ್ಲಿ ಅದು ಮನೆಯ ಮಿಕ್ಸರಿನಂತೆ ಕೇಳುತ್ತದೆ. ಅದಲ್ಲ ಅಂತ ಮಾತ್ರ ಗೊತ್ತು.

ಇವತ್ತು ದಾಡಿ ಮುಗಿಸಿ ರಸ್ತೆಗಿಳಿದಾಗ ಎರಡು ಹೊಸ ಫೈಟರ್‌ಗಳು ಒಟ್ಟಿಗೆ ಎದ್ದವು. ಜನ ಬೈಯುತ್ತ ಕಿವಿ ಮುಚ್ಚಿಕೊಂಡರು. ನಾನು ನಿಂತೆ. ಯಾವ ಚಿಂತೆಯನ್ನೂ ಒಳಗೆ ಬಿಡದೆ, ಪೂರ್ತಿ ಕೇಳಿದೆ. ಹೊಸ ಕೋರಾ ಬಟ್ಟೆಯ ಥಾನನ್ನು ಯಾರೋ ಈ ತುದಿಯಿಂದ ಆ ತುದಿಯವರೆಗೆ ಹರಿದ ಹಾಗಿತ್ತು. ಹೌದು, ಹಾಗೇ ಇತ್ತು. ಸರಿಯಾದ ಮಾತು ಸಿಕ್ಕಿತ್ತು.

ಆದರೆ ಅದು ಈಗಿನ ವಿಮಾನದ್ದು. ಕಾಕಾ ಕೇಳಿದ್ದು ಅದನ್ನಲ್ಲ.