ಬಾಕಿಯಿಲ್ಲದ ಮೇಜು

ನಮ್ಮ ಮನೆಯಲ್ಲಿ 'ಖಾಯಂ' ಎಂಬ ಶಬ್ದವನ್ನು ದೇವರ ಹೆಸರಿನಷ್ಟೇ ಮಡಿಯಿಂದ ಹೇಳುತ್ತಿದ್ದರು. ಓಣಿಯಲ್ಲಿ ಯಾರದಾದರೂ ಮಗನ ಸುದ್ದಿ ಬಂದರೆ ಅಪ್ಪ ಕೇಳುತ್ತಿದ್ದ ಮೊದಲ ಪ್ರಶ್ನೆ, ಹುಡುಗ ಖಾಯಂ ಆದನೋ ಇಲ್ಲವೋ. ಆಗಿದ್ದರೆ ಹುಡುಗ ಛಲೋ. ಆಗಿರದಿದ್ದರೆ ಅವನಲ್ಲಿ ಏನೋ ಐಬು ಇರಲೇಬೇಕು. ಈಗ ನನಗೂ ಆಗಿನ ಅಪ್ಪನಷ್ಟು ವಯಸ್ಸಾಗಿದೆ, ನಾನು ಎಂದೂ ಖಾಯಂ ಆಗಲಿಲ್ಲ. ಹುಬ್ಬಳ್ಳಿಯಲ್ಲಿ ಹತ್ತಿಯ ದಲಾಲಿ ಮಾಡುವ ಅಡತಿ ಅಂಗಡಿಗಳಲ್ಲಿ ಕಾಗದ ಬರೆಯುತ್ತ ಆಯುಷ್ಯ ಕಳೆದೆ. ಒಂದು ಅಂಗಡಿ ಮುಚ್ಚಿದರೆ ಇನ್ನೊಂದರ ಬಾಗಿಲಿಗೆ ಹೋಗಿ ನಿಂತೆ. ಅದರ ಬಗ್ಗೆ ನನಗೆ ಏನೂ ಅನ್ನಿಸುವುದಿಲ್ಲ ಎಂದರೆ ಸುಳ್ಳಾದೀತು. ಸಿಟ್ಟಿದೆ, ಈಗಲೂ ಇದೆ.

ಅಪ್ಪ ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನರಾಗಿದ್ದು ಪೆನ್ಶನ್ ಪಡೆದವರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಉಮೇದವಾರರಾಗಿ ಅಲ್ಲಿಗೆ ಹೋದರಂತೆ. ಉಮೇದವಾರಿ ಎಂದರೆ ಪಗಾರವಿಲ್ಲದೆ ಕಚೇರಿಯ ಕೆಲಸ ಮಾಡುತ್ತ, ಒಂದು ಜಾಗಾ ಖಾಲಿಯಾಗುವ ದಾರಿ ನೋಡುತ್ತ ಕೂಡುವುದು. ಅಪ್ಪ ದಾರಿ ನೋಡಿದ್ದು ನಾಲ್ಕೇ ತಿಂಗಳು. ಸಾಹೇಬರು ಒಂದು ದಿನ ಅವರ ಅಕ್ಷರ ನೋಡಿ, ಇದು ಯಾರದು ಎಂದು ವಿಚಾರಿಸಿ, ಮರುವಾರವೇ ಅವರ ಹೆಸರನ್ನು ಖಾಯಂ ಪಟ್ಟಿಗೆ ಹಚ್ಚಿದರಂತೆ. ಈ ಕಥೆಯನ್ನು ಊಟಕ್ಕೆ ಕೂತಾಗ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆಮೇಲೆ ವರ್ಷವರ್ಷವೂ ಪಗಾರ ಏರಿತು, ಜ್ವರ ಬಂದರೆ ಪಗಾರದ ಸಮೇತ ರಜಾ ಸಿಕ್ಕಿತು, ಕೊನೆಗೆ ಪೆನ್ಶನ್ ಬಂತು. ಇದೆಲ್ಲ ತಮ್ಮ ಕೆಲಸ ಚೊಕ್ಕ ಇದ್ದುದರಿಂದ ಬಂದದ್ದು ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ನಾನು ಅದೇ ಕಚೇರಿಯ ಮೆಟ್ಟಿಲು ಹತ್ತಿದ್ದು ಮೂವತ್ತರ ದಶಕದ ಮೊದಲ ವರ್ಷಗಳಲ್ಲಿ. ಹತ್ತಿಯ ಧಾರಣೆ ಕುಸಿದು ಹುಬ್ಬಳ್ಳಿ ಪೇಟೆ ತಣ್ಣಗಾಗಿತ್ತು, ಸರಕಾರ ಎಲ್ಲಿ ಏನನ್ನು ಕಡಿಮೆ ಮಾಡಲಿ ಎಂದು ನೋಡುತ್ತಿತ್ತು. ಪೆನ್ಶನ್ ಪಡೆದು ಹೋದವರ ಜಾಗಾಗಳು ಖಾಲಿಯೇ ಉಳಿಯುತ್ತಿದ್ದವು. ಅಪ್ಪಿತಪ್ಪಿ ಒಬ್ಬನನ್ನು ತೆಗೆದುಕೊಂಡರೂ ಹಂಗಾಮಿ ಎಂದೇ ತೆಗೆದುಕೊಳ್ಳುತ್ತಿದ್ದರು. ಪಗಾರ ಹೊಸ ದರದ್ದು, ರಜಾ ಕಡಿಮೆ. ಒಂದೇ ಕೋಣೆಯಲ್ಲಿ, ಒಂದೇ ಕೆಲಸಕ್ಕೆ, ಹಳಬರಿಗೆ ಒಂದು ನಿಯಮ, ಹೊಸಬರಿಗೆ ಇನ್ನೊಂದು. ಆ ಹೊಸ ನಿಯಮವಾದರೂ ನನ್ನ ಪಾಲಿಗೆ ಬರಲಿ ಎಂದು ನಾನು ಕಾಯುತ್ತಿದ್ದೆ. ಇಪ್ಪತ್ತೈದು ತುಂಬಿದವನನ್ನು ಹೊಸದಾಗಿ ತೆಗೆದುಕೊಳ್ಳುವಂತಿರಲಿಲ್ಲ. ನನಗೆ ಇಪ್ಪತ್ತನಾಲ್ಕು ಆಗಿಹೋಗಿತ್ತು, ಉಮೇದವಾರಿಗೆ ಮೂರನೆಯ ವರ್ಷ ನಡೆದಿತ್ತು.

ಆ ವರ್ಷ ನನಗೆ ಒಂದು ಕಡೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಕಚೇರಿಯಲ್ಲಿ ಬೆಂಚಿನಿಂದ ಎದ್ದು ಪಡಸಾಲೆಯ ಆ ತುದಿಗೆ ಹೋಗುವೆ, ಈ ತುದಿಗೆ ಬರುವೆ. ಬಾಗಿಲು ಕಾಯುವ ಜವಾನ ಪಟ್ಟೇವಾಲಾ ಬೇಸತ್ತು, ಕಾಲಾಗ ಚಕ್ರ ಕಟ್ಟಿಕೊಂಡು ಬಂದೀಯೇನು ಎಂದು ಗದರುತ್ತಿದ್ದ. ಸಂಜೆ ಮನೆಗೆ ಹೋಗಲು ಮನಸ್ಸಾಗದೆ ಸುಮ್ಮನೆ ಸ್ಟೇಶನ್ನಿನ ತನಕ ನಡೆದು ಹೋಗಿ, ಹುಬ್ಬಳ್ಳಿಯ ಗಾಡಿ ಬಂದು ಹೋಗುವುದನ್ನು ನೋಡಿ, ಅದೇ ದಾರಿಯಲ್ಲಿ ತಿರುಗಿ ಬರುತ್ತಿದ್ದೆ. ಮನೆಯಲ್ಲಿ ಅಪ್ಪ ಏನೂ ಬೈಯುತ್ತಿರಲಿಲ್ಲ. ನಿನ್ನ ಕೆಲಸದಲ್ಲಿ ಎಲ್ಲೋ ಏನೋ ಕಡಿಮೆ ಬೀಳುತ್ತಿರಬೇಕು, ನೋಡಿಕೋ ಎಂದು ಮೆತ್ತಗೆ ಹೇಳುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ನನ್ನ ಜೊತೆ ಇನ್ನೊಬ್ಬ ಉಮೇದವಾರನಿದ್ದ. ಹುಬ್ಬಳ್ಳಿಯ ಹತ್ತಿರದ ಗೋಪನಕೊಪ್ಪದವನು, ದಿನಾ ಬೆಳಗಿನ ಗಾಡಿಗೆ ಬರುತ್ತಿದ್ದ. ಅವನಿಗೆ ನನ್ನ ಹಾಗೆ ಕಚೇರಿಯ ಹುಚ್ಚಿರಲಿಲ್ಲ. ಒಂದು ದಿನ ಬುತ್ತಿ ಬಿಚ್ಚುತ್ತ, ಅರ್ಧ ರೊಟ್ಟಿ ನನ್ನ ಕೈಗೆ ಕೊಟ್ಟು ಹೇಳಿದ: "ನಾಳಿಂದ ನಾ ಬರಂಗಿಲ್ಲೋ. ಅಡತಿ ಅಂಗಡ್ಯಾಗ ಕಾಗದ ಬರ್ಯಾಕ ಕರದಾರ. ಇನ್ನೊಬ್ಬಂವ ಬೇಕಂತ, ಬರ್ತೀಯೇನು?" ಅಲ್ಲಿ ರಜಾ ಇಲ್ಲ, ಪೆನ್ಶನ್ ಇಲ್ಲ, ಶೇಟಜಿ ಬೇಡವೆಂದ ದಿನ ಎದ್ದು ಬರಬೇಕು ಎಂಬುದನ್ನೂ ಅವನೇ ಹೇಳಿದ. ನಾನು ನಕ್ಕುಬಿಟ್ಟೆ. ಪೇಟೆಯ ಗುಮಾಸ್ತನಾಗಲು ನಾನೇನು ಊಟಕ್ಕಿಲ್ಲದವನೇ ಎಂಬ ಜಂಬ ನನಗೆ. ಖರೇ ಹೇಳಬೇಕೆಂದರೆ ನಾನು ಮೂರು ವರ್ಷದಿಂದ ಅಪ್ಪನ ಪೆನ್ಶನ್ನಿನಲ್ಲೇ ಉಣ್ಣುತ್ತಿದ್ದೆ.

ನಕ್ಕಿದ್ದಕ್ಕೆ ಕಾರಣವೂ ಇತ್ತು. ನಾನು ಕೂಡುತ್ತಿದ್ದ ಮೇಜಿನ ಹಿರಿಯ ಕಾರಕೂನರು ಆ ವರ್ಷವೇ ಪೆನ್ಶನ್ನಿಗೆ ಹೋಗುವವರಿದ್ದರು. ಅವರ ಕೆಲಸವನ್ನು ಮುಕ್ಕಾಲು ಪಾಲು ಮಾಡುತ್ತಿದ್ದವನು ನಾನೇ. ಜಾಗಾ ಖಾಲಿಯಾದರೆ ನನ್ನನ್ನು ಬಿಟ್ಟು ಇನ್ನಾರಿಗೆ ಕೊಟ್ಟಾರು? ಇಡೀ ಕಚೇರಿಯೇ ಹಾಗೆ ಅನ್ನುತ್ತಿತ್ತು. ಅವರು ತಂಬಾಕು ಹಾಕಿಕೊಂಡು, ಕನ್ನಡಕ ಹಣೆಗೇರಿಸಿ, ನಾನು ಬರೆದದ್ದಕ್ಕೆ ಸಹಿ ಮಾಡುತ್ತಿದ್ದರು. ಒಳ್ಳೆಯ ಮನುಷ್ಯರು. ಕೊನೆಯ ಎರಡು ತಿಂಗಳು ರಜಾ ತೆಗೆದುಕೊಂಡು ಹೋಗುವ ದಿನ ಕಪಾಟಿನ ಬೀಗದ ಕೈ ನನ್ನ ಕೈಗಿಟ್ಟು, ಕೆಳಗಿನ ಅರೆಯಲ್ಲಿದ್ದ ದೊಡ್ಡ ಕೆಂಪು ಬಟ್ಟೆಯ ಗಂಟನ್ನು ತೋರಿಸಿದರು. "ತಮ್ಮಾ, ಇದರ ಗೊಡವಿಗೆ ಹೋಗಬ್ಯಾಡ. ಹಂಗ ಇರ್ಲಿ ಅದು," ಎಂದರು. ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುದುಕರು ತಮ್ಮ ಆಲಸ್ಯವನ್ನು ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ.

ಅವರು ಹೋದ ಮೂರನೆಯ ದಿನ ಹೊಸ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುತ್ತೋಲೆ ಬಂತು. ಗಂಟನ್ನು ಬಿಚ್ಚಿ ನೋಡಿದೆ. ಉತ್ತರ ಕೊಡದೆ ಬಿಟ್ಟ ಅರ್ಜಿಗಳು, ವರ್ಷಗಟ್ಟಲೆ ಹಳೆಯವು, ಅಂಚೆಲ್ಲ ಹುಳ ತಿಂದವು. ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಹೇಳಿದೆ. ಅವರು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದರು. "ಬಾಕಿ ಅನ್ನೋದು ಕಾರಕೂನನ ಮಾರಿಗೆ ಮಸಿ. ತಪಾಸಣಿ ಬರೋದರೊಳಗ ಎಲ್ಲಾ ತೀರಿಸಿಬಿಡು. ಸಾಹೇಬರ ಕಣ್ಣಿಗೆ ಬಿದ್ದಿ ಅಂದ್ರ ಮುಗೀತು," ಎಂದರು. ಅವರ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಕಳೆ ಕಂಡಿತು. ನನಗೂ ಅಷ್ಟೇ ಬೇಕಾಗಿತ್ತು, ಮಾಡಲು ಏನಾದರೂ ಒಂದು ಕೆಲಸ.

ಮೂರು ವಾರ ನಾನು ಮನುಷ್ಯನಂತೆ ಇರಲಿಲ್ಲ. ಪಟ್ಟೇವಾಲಾ ಕಸ ಹೊಡೆಯುವುದಕ್ಕಿಂತ ಮೊದಲೇ ಹೋಗಿ ಕೂಡುತ್ತಿದ್ದೆ. ರವಿವಾರವೂ ಅವನನ್ನು ಕಾಡಿ ಬಾಗಿಲು ತೆರೆಸುತ್ತಿದ್ದೆ. ಒಬ್ಬ ರೈತ ತನ್ನ ಬದುವಿನ ಹುಣಸೆ ಮರ ಕಡಿಯಲು ಪರವಾನಗಿ ಕೇಳಿದ್ದ. ವಿಚಾರಿಸಿದರೆ ಮರ ಗಾಳಿಗೆ ಬಿದ್ದು, ಸೌದೆಯಾಗಿ ಉರಿದು, ಆ ಜಾಗದಲ್ಲಿ ಬೇರೆ ಗಿಡ ಬೆಳೆದು ನಿಂತಿತ್ತು. ಅದಕ್ಕೂ ಪರವಾನಗಿ ಬರೆದೆ. ಬಾವಿಗಾಗಿ ಅರ್ಜಿ ಕೊಟ್ಟ ಒಬ್ಬ ಹೆಣ್ಣುಮಗಳು ತೀರಿಕೊಂಡಿದ್ದಳು. ಅವಳ ಮಗನ ಹೆಸರಿಗೆ ಉತ್ತರ ಹೋಯಿತು. ಒಂದೊಂದು ಅರ್ಜಿ ತೀರಿದಾಗಲೂ ಖಾಯಂ ಜಾಗಾಕ್ಕೆ ಒಂದು ಹೆಜ್ಜೆ ಹತ್ತಿರ ಬಂದೆ ಎನ್ನಿಸುತ್ತಿತ್ತು. ತಪಾಸಣೆಯ ಹಿಂದಿನ ದಿನ ಗಂಟಿನಲ್ಲಿ ಒಂದು ಚೂರು ಕಾಗದವೂ ಉಳಿಯಲಿಲ್ಲ. ಆ ಕೆಂಪು ಬಟ್ಟೆಯನ್ನು ಒಗೆಸಿ, ಮಡಿಚಿ, ಕಪಾಟಿನಲ್ಲಿಟ್ಟೆ.

ಸಾಹೇಬರು ನನ್ನ ಮೇಜಿನ ಹತ್ತಿರ ಉಳಿದವರ ಹತ್ತಿರ ನಿಂತದ್ದಕ್ಕಿಂತ ಹೆಚ್ಚು ಹೊತ್ತು ನಿಂತರು. ಪುಸ್ತಕಗಳನ್ನು ತಿರುವಿ ಹಾಕಿದರು. ಬಾಕಿ ಏನೂ ಇಲ್ಲವೇ ಎಂದು ಎರಡು ಸಲ ಕೇಳಿದರು. ಎರಡು ಸಲವೂ ನಾನು ಎದೆಯುಬ್ಬಿಸಿ ಇಲ್ಲವೆಂದೆ. ಅವರು ತಲೆಯಾಡಿಸಿ ಏನನ್ನೋ ಗುರುತು ಹಾಕಿಕೊಂಡರು. ಆ ಸಂಜೆ ಮನೆಯಲ್ಲಿ ಅವ್ವ ಶಿರಾ ಮಾಡಿದಳು. ಅಪ್ಪ ಓಣಿಯ ಪೆನ್ಶನ್‌ದಾರ ಗೆಳೆಯರನ್ನೆಲ್ಲ ಕರೆದು ತಂದು, ಸಾಹೇಬರು ಎರಡು ಸಲ ಕೇಳಿದ್ದನ್ನು ನನ್ನ ಬಾಯಿಂದಲೇ ಹೇಳಿಸಿದರು.

ಹದಿನೈದು ದಿನಗಳ ಮೇಲೆ ಸಾಹೇಬರ ತಪಾಸಣೆಯ ವರದಿ ಕರಡಾಗಿ ನನ್ನ ಮುಂದೆ ಬಂದು ಬಿತ್ತು. ಕಚೇರಿಯಲ್ಲಿ ಅಕ್ಷರ ದುಂಡಗಿದ್ದವನು ನಾನು, ಆದ್ದರಿಂದ ಚೊಕ್ಕ ಪ್ರತಿ ಬರೆಯುವ ಕೆಲಸ ಎಂದೂ ನನ್ನದೇ. ಈ ಮೇಜಿನ ಕೆಲಸ ಅತ್ಯಂತ ಅಚ್ಚುಕಟ್ಟಾಗಿದೆ, ಒಂದು ಕಾಗದವೂ ಬಾಕಿಯಿಲ್ಲ ಎಂದು ಮೊದಲಿಗೆ ಬರೆದಿತ್ತು. ಹಿಗ್ಗಿನಿಂದ ಬರೆದುಕೊಂಡೆ. ಅದರ ಕೆಳಗೆ, ಖಾಯಂ ಕಾರಕೂನನು ರಜೆಯ ಮೇಲಿರುವಾಗಲೂ ಕೆಲಸ ಇಷ್ಟು ಸುಸೂತ್ರವಾಗಿ ನಡೆದಿರುವುದರಿಂದ ಈ ಜಾಗಾದ ಅವಶ್ಯಕತೆ ಕಾಣುವುದಿಲ್ಲ, ಅವನು ನಿವೃತ್ತನಾದ ಮೇಲೆ ಅದನ್ನು ರದ್ದು ಮಾಡಬಹುದು ಎಂದಿತ್ತು.

ಮೂರು ಪ್ರತಿ ಬೇಕಾಗಿದ್ದವು. ಮೂರನ್ನೂ ನಾನೇ ಬರೆದೆ. ಕರಡನ್ನು ಹರಿದು ಹಾಕಬೇಕಿತ್ತು, ದೌತಿಯ ಶಾಯಿಯನ್ನು ಅದರ ಮೇಲೆ ಚೆಲ್ಲಬೇಕಿತ್ತು, ಎದ್ದು ಹೋಗಬೇಕಿತ್ತು, ಯಾವುದನ್ನೂ ಮಾಡಲಿಲ್ಲ. ಮೊದಲನೆಯದಕ್ಕಿಂತ ಎರಡನೆಯ ಪ್ರತಿಯ ಅಕ್ಷರ ಚೆಂದ ಬಂದಿತ್ತು. ಆ ಕೈಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸಹಿಗೆ ಒಯ್ದಾಗ ಸಾಹೇಬರು ಸಜ್ಜನಿಕೆಯಿಂದಲೇ ಮಾತಾಡಿದರು. ಉಮೇದವಾರನಾಗಿ ಬೇಕಾದಷ್ಟು ದಿನ ಬರುತ್ತಿರಬಹುದು, ತಮ್ಮ ಅಡ್ಡಿಯಿಲ್ಲ ಎಂದರು.

ಅದೇ ವಾರ ಹಿರಿಯ ಕಾರಕೂನರು ಪೆನ್ಶನ್ ಕಾಗದಗಳಿಗಾಗಿ ಬಂದಿದ್ದರು. ಕಪಾಟು ತೆರೆದು ನೋಡಿ, ಕುರ್ಚಿಯ ಮೇಲೆ ಕೂತುಬಿಟ್ಟರು. "ಈ ಜಾಗಾ ನನಗ ಕೊಟ್ಟು ಹೋದಂವಾ ಆ ಗಂಟನ್ನೂ ಕೊಟ್ಟು ಹೋಗಿದ್ದ. ಬಾಕಿ ಇದ್ರ ಜಾಗಾ ಇರ್ತದ ತಮ್ಮಾ. ನಿಮ್ಮಪ್ಪಗ ಗೊತ್ತಿರತದ, ಅವರು ಹೇಳಿರ್ತಾರ ಅನಕೊಂಡಿದ್ದೆ. ಬಾಯಿ ಬಿಟ್ಟು ಹೇಳಬೇಕಾಗಿತ್ತು ನಾನು," ಎಂದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ನನಗೆ ಇನ್ನಷ್ಟು ರೇಗಿತು. ನಾಲ್ಕೇ ತಿಂಗಳಿಗೆ ಖಾಯಂ ಆದ ಅಪ್ಪನಿಗೆ ಇಂಥ ಗಂಟನ್ನು ಕಾಯುವ ಪ್ರಸಂಗವೇ ಬಂದಿರಲಿಲ್ಲ, ಅವರಿಗೆ ಹೇಗೆ ಗೊತ್ತಿರಬೇಕು?

ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಪ್ಪ ನಂಬಲಿಲ್ಲ. ಇಷ್ಟು ಚೊಕ್ಕ ಕೆಲಸಕ್ಕೆ ಹೀಗೆ ಆಗಲು ಸಾಧ್ಯವೇ ಇಲ್ಲ, ನಾನು ಎಲ್ಲೋ ಉದ್ಧಟತನ ಮಾಡಿರಬೇಕು, ಏನೋ ತಪ್ಪು ಬರೆದಿರಬೇಕು ಎಂದರು. ಹುಟ್ಟಿದಾಗಿನಿಂದ ಅವರಿಗೆ ಎದುರು ಮಾತಾಡಿದವನಲ್ಲ ನಾನು. ಆ ದಿನ ತಡೆಯಲಾಗಲಿಲ್ಲ. "ನಿಮ್ಮ ಮಾತು ಕೇಳಿ ಕೆಟ್ಟೆ ನಾನು. ನಾಲ್ಕು ತಿಂಗಳು ಕೂತು ಖಾಯಂ ಆದ್ರಿ ನೀವು. ಈಗ ಹೋಗಿ ಒಂದು ದಿನ ಕೂತು ನೋಡ್ರಿ ಆ ಬೆಂಚಿನ ಮ್ಯಾಲೆ," ಎಂದುಬಿಟ್ಟೆ. ಅವ್ವ ಒಳಗಿನಿಂದ ಓಡಿ ಬಂದಳು. ಅಪ್ಪ ಎದ್ದು ಕೈಕಾಲು ತೊಳೆದುಕೊಂಡು ಸಂಧ್ಯಾವಂದನೆಗೆ ಕೂತರು.

ಮರುದಿನ ಅವರು ಕರಿ ಕೋಟು ಹಾಕಿ, ತಲೆಗೆ ಪಟಗಾ ಸುತ್ತಿಕೊಂಡು, ನಾನು ಏಳುವುದರೊಳಗೆ ಸಿದ್ಧರಾಗಿದ್ದರು. ಎಲ್ಲಿಗೆಂದು ಕೇಳುವ ಧೈರ್ಯ ನನಗಾಗಲಿಲ್ಲ. ನಾನು ಆ ದಿನ ಕಚೇರಿಗೆ ಹೋಗಲಿಲ್ಲ. ಅಂಗಳ, ಹಿತ್ತಲು, ಓಣಿಯ ಮೂಲೆ ಎಂದು ತಿರುಗಿ ತಿರುಗಿ ಹಗಲು ಕಳೆದೆ. ನಾಲ್ಕು ಗಂಟೆಯ ಸುಮಾರಿಗೆ ಅವರು ಬಂದು, ಪಟಗಾ ತೆಗೆದು ಮೊಳೆಗೆ ತೂಗುಹಾಕಿ, ಪಡಸಾಲೆಯ ಕಂಬಕ್ಕೆ ಒರಗಿ ಕೂತರು. ಹನ್ನೊಂದರಿಂದ ಮೂರರ ತನಕ ಉಮೇದವಾರರ ಬೆಂಚಿನ ಮೇಲೆ ಕೂತಿದ್ದರಂತೆ. ಅವರ ಕಾಲದ ನಂತರ ಬಂದ ಪಟ್ಟೇವಾಲಾನಿಗೆ ಅವರ ಗುರುತು ಸಿಗಲಿಲ್ಲವಂತೆ. ಸಾಹೇಬರು ಒಳಗೆ ಕರೆದು, ನನ್ನ ಪುಸ್ತಕಗಳನ್ನು ತರಿಸಿ ತಾವೇ ತೆರೆದು ತೋರಿಸಿ, ಇಡೀ ಕಚೇರಿಯಲ್ಲಿ ಇಂಥ ಕೆಲಸ ಇನ್ನೊಂದಿಲ್ಲ ಎಂದರಂತೆ. ಹಾಗಾದರೆ ಹುಡುಗನಿಗೆ ಏನಾದರೂ ಮಾಡಿರಿ ಎಂದು ಅಪ್ಪ ಕೈ ಮುಗಿದರಂತೆ. ಸಾಹೇಬರು ಮೇಲಿನ ಹುಕುಮಿನ ಮಾತು ಹೇಳಿ, ನಿಮ್ಮ ಪೆನ್ಶನ್ ಸರಿಯಾಗಿ ಬರುತ್ತಿದೆಯಲ್ಲವೇ ಎಂದು ವಿಚಾರಿಸಿ ಕಳಿಸಿದರಂತೆ.

ಇಷ್ಟನ್ನು ಹೇಳಿ ಅಪ್ಪ ಬಹಳ ಹೊತ್ತು ತಮ್ಮ ಬಲಗೈ ಬೆರಳುಗಳನ್ನು ನೋಡಿಕೊಳ್ಳುತ್ತ ಕೂತರು. ಆಮೇಲೆ, "ನಿನ್ನ ಕೆಲಸ ನೋಡಿದೆ. ನಂದು ಅಷ್ಟು ಚೊಕ್ಕ ಇದ್ದಿದ್ದಿಲ್ಲ," ಎಂದರು. ನನ್ನ ಕಡೆ ತಿರುಗಿದರು.

"ನನ್ನ ನೌಕರಿ ಛಲೋ ಇತ್ತಪಾ, ಅಷ್ಟ. ನಾ ಛಲೋ ಇದ್ದೆ ಅಂತ ತಿಳಕೊಂಡಿದ್ದೆ."

ಮೂರು ವರ್ಷ ಇಂಥದೊಂದು ಮಾತು ಅವರ ಬಾಯಿಂದ ಬರಲಿ ಎಂದು ನಾನು ಹಲ್ಲು ಕಚ್ಚಿಕೊಂಡು ಕಾದಿದ್ದೆ. ಬಂದಾಗ ಕೇಳಲಾಗಲಿಲ್ಲ. ಹಾಗೆ ಅನ್ನಬೇಡಿರಿ, ನನ್ನದೇ ಏನೋ ತಪ್ಪಿರಬೇಕು ಎಂದು ನಾನೇ ಹೇಳತೊಡಗಿದೆ. ಅವರು ಬೇಡವೆಂದು ಕೈಯಾಡಿಸಿದರು. ನನಗೆ ಇಪ್ಪತ್ತೈದು ತುಂಬಲು ಇನ್ನೂ ಹನ್ನೊಂದು ದಿನ ಇದ್ದವು.